ಕೈಗಡದ ಮಾತ್ರೆ

ಕಸದ ಲಾರಿ ಬೀದಿಯ ಆಚೆ ತುದಿಗೆ ತಿರುಗಿದಾಗ ಸಂಯುಕ್ತಾ ಬಿನ್ನಿನೊಳಗೆ ಭುಜದವರೆಗೂ ಕೈ ಇಳಿಸಿ ತಡಕುತ್ತಿದ್ದಳು. ಮಗುವಿನ ನ್ಯಾಪಿ, ಬಾಡಿದ ಹಾರ, ನಿನ್ನೆ ಬಂದವರು ಉಂಡೆಸೆದ ಪೇಪರ್ ತಟ್ಟೆ. ಎಲ್ಲಕ್ಕಿಂತ ಕೆಳಗೆ ಕಾರ್ನ್‌ಫ್ಲೇಕ್ಸಿನ ಖಾಲಿ ಡಬ್ಬ ಸಿಕ್ಕಿತು. ಅದರೊಳಗಿಂದ ಅಂಗೈಯಗಲದ ಬಿಳಿ ರಟ್ಟಿನ ಪೊಟ್ಟಣವನ್ನು ಎಳೆದುಕೊಂಡಳು. ಅರ್ಧ ಗಂಟೆ ಹಿಂದೆ ಅದನ್ನು ಅಲ್ಲಿ ತುರುಕಿದವಳೂ ಅವಳೇ.

"ಏನ ಹುಡುಕ್ಲಿಕ್ಕತ್ತೀಯೇ ಅದರಾಗ? ಉಂಗುರೇನರ ಬಿತ್ತೇನು?" ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತ ತಾಯಿ ಸರಸ್ವತಿ ಕೇಳಿದರು.

"ಇಲ್ಲವ್ವಾ. ನೀ ಒಳಗ ನಡಿ, ಕೂಸಿಗೆ ಥಂಡಿ ಆಗ್ತದ."

ಸರಸ್ವತಿ ಒಳಗೆ ಹೋಗಲಿಲ್ಲ. ಮಗಳ ಕೈಯಲ್ಲಿದ್ದುದನ್ನು ನೋಡಿದರು. "ಅದನ್ನ ಯಾಕ ತಗದಿ ಮತ್ತ? ಚಕ್ರಪಾಣಿ ಒಗಿ ಅಂದಿದ್ನಲ್ಲ."

ಲಾರಿಯ ಕಬ್ಬಿಣದ ತೋಳು ಬಿನ್ನನ್ನು ಎತ್ತಿ ಮಗುಚಿ ಮತ್ತೆ ಕೆಳಗಿಟ್ಟು ಹೋಯಿತು. ದಿ ಪಾಂಡ್ಸ್ ಎಂಬ ಹೊಸ ಬಡಾವಣೆಯ ಆ ಬೀದಿಯಲ್ಲಿ ಅರ್ಧದಷ್ಟು ಸೈಟುಗಳು ಇನ್ನೂ ಖಾಲಿಯಿದ್ದವು. ಎದುರು ಕಟ್ಟುತ್ತಿದ್ದ ಮನೆಯ ಕೆಲಸದವರು ರೇಡಿಯೋ ಹಚ್ಚಿದರು. ಉಳಿದ ಎಲ್ಲರಿಗೂ ಅದು ಮಾಮೂಲಿ ಮಂಗಳವಾರ.

ಪೊಟ್ಟಣದ ಮೇಲೆ ನೀಲಿ ಚೀಟಿ ಅಂಟಿಸಿತ್ತು: ಆಸ್ಪತ್ರೆಯ ಒಳಬಳಕೆಗೆ ಮಾತ್ರ. ಅವಳ ಗಂಡ ಯತೀಶ್ ಆರು ವರ್ಷ ಫಾರ್ಮಸಿಸ್ಟ್ ಆಗಿದ್ದ ಆಸ್ಪತ್ರೆಯ ಚೀಟಿ ಅದು. ಒಳಗೆ ನಿದ್ದೆಯ ಮಾತ್ರೆಗಳು, ಬೀಗದ ಕಪಾಟಿನಲ್ಲಿಡುವಂಥವು. ಐವತ್ತರಲ್ಲಿ ಎರಡು ಕಡಿಮೆ. ಅದು ಈ ಮನೆಗೆ ಹೇಗೆ ಬಂತೆಂದು ತಿಳಿದಿದ್ದವರು ಮೂವರು. ಅವರಲ್ಲಿ ಒಬ್ಬನನ್ನು ನಿನ್ನೆ ಸುಟ್ಟು ಬಂದಿದ್ದರು. ನಾಲ್ಕನೆಯವನು ಚಕ್ರಪಾಣಿ. ಅವನಿಗೆ ನಿನ್ನೆ ಮಧ್ಯಾಹ್ನ ಅವಳೇ ಹೇಳಿದ್ದಳು.

*

ಸೋಮವಾರ ಕ್ರಿಮೆಟೋರಿಯಂನಲ್ಲಿ ಸಿಕ್ಕಿದ್ದು ಮುಕ್ಕಾಲು ಗಂಟೆ. ಮುಂದಿನ ಶವದ ಮನೆಯವರು ಆಗಲೇ ಹೊರಗೆ ಕಪ್ಪು ಕಾರುಗಳಲ್ಲಿ ಕಾಯುತ್ತಿದ್ದರು. ಪುರೋಹಿತರು ಗಡಿಯಾರ ನೋಡುತ್ತಲೇ ಮಂತ್ರ ಮುಗಿಸಿದರು. ಯತೀಶನ ಅಣ್ಣನಿಗೆ ಮೈಸೂರಿನಲ್ಲಿ ವೀಸಾ ಸಿಕ್ಕಿರಲಿಲ್ಲ. ಕೊನೆಗೆ ಪೆಟ್ಟಿಗೆಯನ್ನು ಬೆಂಕಿಗೆ ಕಳಿಸುವ ಗುಂಡಿ ಒತ್ತಬೇಕಾದವನು ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಿಂದ ಹಾರಿ ಬಂದಿದ್ದ ಗೆಳೆಯ ಚಕ್ರಪಾಣಿ. ಇಬ್ಬರೂ ಮೆಲ್ಬರ್ನ್‌ನಲ್ಲಿ ಒಂದೇ ಕೋಣೆಯಲ್ಲಿದ್ದು, ಒಟ್ಟಿಗೆ ಪರೀಕ್ಷೆ ಕಟ್ಟಿ, ಒಟ್ಟಿಗೆ ಫಾರ್ಮಸಿಸ್ಟ್ ಆದವರು.

ಅವನೇ ಮೊದಲು ಮಾತಾಡಿದ.

"ನಮ್ಮ ಯತಿ ಮೆಲ್ಬರ್ನ್‌ನಲ್ಲಿ ಟ್ರೇನಿಂಗ್‌ನಲ್ಲಿದ್ದಾಗ ಒಬ್ಬ ದೊಡ್ಡ ಸರ್ಜನ್ ಫೋನಲ್ಲೇ ಮಾರ್ಫಿನ್ ಹೇಳಿಬಿಟ್ಟು ಸಹಿ ಹಾಕದೆ ಹೊರಟುಬಿಟ್ಟಿದ್ದ. ಇವನು ಚಾರ್ಟ್ ಹಿಡ್ಕೊಂಡು ಕಾರ್ ಪಾರ್ಕ್ ತನಕ ಓಡಿದ. ಬಾನೆಟ್ ಮೇಲೆ ಪೇಪರ್ ಇಟ್ಟು ಸಹಿ ಹಾಕಿಸ್ಕೊಂಡ. ಆ ಸರ್ಜನ್ ಇವನಿಗೆ ಹೆಸರು ಕೇಳಿದ್ನಂತೆ. ಇವನು ಸ್ಪೆಲ್ಲಿಂಗ್ ಸಮೇತ ಹೇಳಿ, 'ಸರ್, ಡೇಟೂ ಹಾಕಿ' ಅಂದ್ನಂತೆ."

ಜನ ನಕ್ಕರು. ನಕ್ಕಿದ್ದಕ್ಕೆ ಸಮಾಧಾನಪಟ್ಟುಕೊಂಡರು. ಸಂಯುಕ್ತಾಳ ಹಿಂದಿನ ಸಾಲಿನಲ್ಲಿ ಕೂತಿದ್ದ ಭಾಗೀರಥಿ ಆಂಟಿ ಪಕ್ಕದವರಿಗೆ ಹೇಳುತ್ತಿದ್ದರು: "ನಮ್ಮ ಯಜಮಾನ್ರಿಗೆ ಕೆಮ್ಮು ಬಂದಾಗ ಒಂದು ಆಂಟಿಬಯಾಟಿಕ್ ಸ್ಟ್ರಿಪ್ ಕೇಳಿದ್ದೆ ಕಣ್ರೀ. 'ಆಂಟಿ, ಜಿಪಿ ಡಾಕ್ಟರ್ ಹತ್ರ ಹೋಗಿ, ನಾನೇ ಡ್ರೈವ್ ಮಾಡ್ತೀನಿ' ಅಂತ ಕಾರ್ ಕೀ ತಗೊಂಡು ನಿಂತ. ಎಷ್ಟು ಬೈಕೊಂಡಿದ್ದೆ! ರೂಲ್ಸ್ ಮಹಾರಾಜ ಅಂತ ಹೆಸರಿಟ್ಟಿದ್ವಿ."

ಆ ಹೆಸರು ಸಂಯುಕ್ತಾಳಿಗೆ ಗೊತ್ತಿತ್ತು. ಯುಗಾದಿಯ ಊಟಗಳಲ್ಲಿ ಯಾರಾದರೂ ಹಾಗೆ ಕರೆದಾಗ ಅವಳು ತಟ್ಟೆ ನೋಡುತ್ತಿದ್ದಳು. ಗಂಡ ಒಂದು ಮಾತ್ರೆ ಕೊಡಲಾರದವನಾದನಲ್ಲ ಎಂದು ಮೂರು ವರ್ಷ ನಾಚಿದ್ದಳು.

ಆಮೇಲೆ ಆಸ್ಪತ್ರೆಯ ಫಾರ್ಮಸಿಯ ಮುಖ್ಯಸ್ಥೆ ಹೆಲೆನ್ ಎದ್ದಳು. ಅರವತ್ತರ ಹತ್ತಿರದ ಎತ್ತರದ ಹೆಂಗಸು. ಕೈಯಲ್ಲಿ ಕಾಗದವಿರಲಿಲ್ಲ. ನಮ್ಮ ಕೆಲಸದಲ್ಲಿ ಹೊಗಳಿಕೆ ಎನ್ನುವುದಿಲ್ಲ, ತಪ್ಪಾಗದಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ ಎಂದಳು. ಬೀಗದ ಕಪಾಟಿನ ಒಂದೊಂದು ಮಾತ್ರೆಗೂ ವೈದ್ಯರ ಸಹಿ ಬೇಕು, ರೋಗಿಯ ಹೆಸರು ಬೇಕು, ಎಣಿಸಿದವರ ಪಕ್ಕದಲ್ಲಿ ನಿಂತು ನೋಡಿದವರ ಸಹಿ ಬೇಕು. ಆರು ವರ್ಷ ಯತೀಶ್ ಸಹಿ ಹಾಕಿದ ಎಣಿಕೆಯಲ್ಲಿ ಒಂದೇ ಒಂದು ಮಾತ್ರೆ ಹೆಚ್ಚುಕಡಿಮೆಯಾಗಲಿಲ್ಲ.

"ಒಂದೇ ಒಂದು," ಎಂದು ಇನ್ನೊಮ್ಮೆ ಹೇಳಿ ಕೂತಳು.

ಸರಸ್ವತಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. "ಏನಂದ್ಳು ಆಕಿ?" ಎಂದು ಮಗಳ ಕಿವಿಯಲ್ಲಿ ಕೇಳಿದರು.

"ಛಲೋ ಮನಷ್ಯಾ ಇದ್ದಾ ಅಂದ್ಳು."

ಹೊರಗೆ ಸಾಲಾಗಿ ನಿಂತು ಕೈ ಹಿಡಿದು ಹೋಗುವವರ ಕೊನೆಯಲ್ಲಿ ನಿಹಾರಿಕಾ ಬಂದಳು. ಬೆಂಗಳೂರಿನಲ್ಲಿ ಓದಿ ಬಂದು ಯತೀಶನ ಕೈಕೆಳಗೆ ಇಂಟರ್ನ್ ಆಗಿದ್ದ ಹುಡುಗಿ. ಇನ್ನೆರಡು ತಿಂಗಳಿಗೆ ಪರೀಕ್ಷೆ, ಆಮೇಲೆ ರಿಜಿಸ್ಟ್ರೇಷನ್, ಅದರ ಮೇಲೆ ಇಲ್ಲೇ ಖಾಯಂ ನೆಲೆಸಲು ಪಿಆರ್. ಕಣ್ಣು ಊದಿದ್ದವು. ಅವಳು ಅತ್ತಿದ್ದು ಯತೀಶನಿಗಾಗಿ ಮಾತ್ರ ಎಂದು ಸಂಯುಕ್ತಾ ಮೊದಲು ಅಂದುಕೊಂಡಳು.

"ಅಕ್ಕ, ಇವತ್ತು ಹೇಳ್ಬಾರ್ದು," ಎಂದಳು ನಿಹಾರಿಕಾ. "ಹೋದ ಬುಧವಾರ ಕಪಾಟಲ್ಲಿ ಒಂದು ಬಾಕ್ಸ್ ಶಾರ್ಟ್ ಬಂತು. ರಜೆಗೆ ಮುಂಚಿನ ಗುರುವಾರ ಸಾಯಂಕಾಲ ಸರ್ ಎಣಿಸಿ ಸಹಿ ಹಾಕಿದಾರೆ, ಸರಿ ಇದೆ. ಈಸ್ಟರ್ ರಜೆಯಲ್ಲಿ ಕೀ ಇದ್ದಿದ್ದು ನನ್ನ ಹತ್ರ. ನನ್ನನ್ನ ಮನೆಗೆ ಕಳಿಸಿಬಿಟ್ಟಿದ್ದಾರೆ. ಈ ಗುರುವಾರ ಎನ್‌ಕ್ವೈರಿ."

ಸಂಯುಕ್ತಾಳ ಕೈ ಅವಳ ಎರಡೂ ಕೈಗಳ ನಡುವೆ ಇತ್ತು.

"ಸರ್ ಇದ್ದಿದ್ರೆ ನನ್ನ ಪರವಾಗಿ ಮಾತಾಡ್ತಿದ್ರು ಅಕ್ಕ. ಅವರ ಮಾತು ಯಾರೂ ತೆಗೆದುಹಾಕ್ತಿರ್ಲಿಲ್ಲ."

ಮಧ್ಯಾಹ್ನ ಮನೆಯಲ್ಲಿ ಜನ ಚಿತ್ರಾನ್ನ, ಮೊಸರನ್ನ ತಿನ್ನುತ್ತಿದ್ದಾಗ ಅವಳು ಚಕ್ರಪಾಣಿಯನ್ನು ಗ್ಯಾರೇಜಿಗೆ ಕರೆದು ಎಲ್ಲವನ್ನೂ ಹೇಳಿದಳು. ಅವನು ಗ್ಯಾರೇಜಿನ ನೆಲ ನೋಡಿದ. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯಿತ್ತು.

"ಯತಿ? ನಮ್ಮ ಯತಿನಾ?"

"ನಾನು ತರಿಸಿದ್ದು."

"ಯಾರು ತರಿಸಿದ್ರು ಅಂತ ಯಾರೂ ಬರ್ಕೊಳಲ್ಲ ಸಂಯುಕ್ತಾ. ತಂದೋನ ಹೆಸರು ಬರ್ಕೋತಾರೆ. ಬೆಳಗ್ಗೆ ತಾನೇ ನಾನು ಅಷ್ಟು ಜನರ ಮುಂದೆ ಕಾರ್ ಪಾರ್ಕ್ ಕತೆ ಹೇಳಿದೀನಿ. ಸತ್ತವನನ್ನ ಇನ್ನೊಂದು ಸಲ ಸಾಯಿಸ್ಬೇಡ. ಬಿನ್‌ಗೆ ಹಾಕು."

"ನಿಹಾರಿಕಾ?"

"ಪ್ರೂಫ್ ಏನಿದೆ ಅವಳ ಮೇಲೆ? ಒಂದು ವಾರ್ನಿಂಗ್ ಕೊಡ್ತಾರೆ, ಬಿಟ್ಬಿಡ್ತಾರೆ." ಹೇಳುವಾಗ ಅವನು ಅವಳನ್ನು ನೋಡಲಿಲ್ಲ. ಇಂಟರ್ನ್ ಹುಡುಗಿಯೊಬ್ಬಳನ್ನು ಬಿಟ್ಟುಬಿಡುವುದಿಲ್ಲವೆಂದು ಹದಿನೈದು ಜನರ ಮೇಲಧಿಕಾರಿಯಾಗಿದ್ದ ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಾಯಿತು.

*

ಸರಸ್ವತಿ ಅಕ್ಟೋಬರಿನಲ್ಲಿ ರಾಣೆಬೆನ್ನೂರಿನಿಂದ ಮಗಳ ಬಾಣಂತನಕ್ಕೆ ಬರುವಾಗ ಆರು ತಿಂಗಳ ಮಾತ್ರೆ ತಂದಿದ್ದರು. ಗಂಡ ತೀರಿದ ವರ್ಷ ಯಾವುದೋ ಡಾಕ್ಟರು ಬರೆದುಕೊಟ್ಟಿದ್ದ ನಿದ್ದೆ ಮಾತ್ರೆ. ಆ ಡಾಕ್ಟರು ಊರು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಮೆಡಿಕಲ್ ಶಾಪಿನವನು ಹಳೆಯ ಪಟ್ಟಿಯ ತುಣುಕು ನೋಡಿ ತಿಂಗಳು ತಿಂಗಳು ಕೊಡುತ್ತಲೇ ಇದ್ದ. ಇಲ್ಲಿ ವೀಸಾ ಮುಂದೆ ಹೋಯಿತು, ಮಾತ್ರೆ ಮುಗಿಯಿತು. ಹೇಳಿದರೆ ಅಳಿಯನಿಗೆ ತೊಂದರೆ ಎಂದು ಸರಸ್ವತಿ ಬಾಯಿ ಬಿಡಲಿಲ್ಲ. ಈಸ್ಟರಿನ ಹಿಂದಿನ ಬುಧವಾರ ಮಗುವಿಗೆ ಎಣ್ಣೆ ಹಚ್ಚುವಾಗ ಅವರ ಕೈ ಗಡಗಡ ನಡುಗಿದ್ದನ್ನು ಸಂಯುಕ್ತಾ ನೋಡಿದಳು. ಜಿಪಿ ಸಿಗುವುದು ರಜೆ ಮುಗಿದು ಮಂಗಳವಾರ.

"ಒಮ್ಮೆಗೇ ನಿಲ್ಲಿಸ್ಬಾರ್ದು ಇದನ್ನ, ಅಪಾಯ," ಎಂದ ಯತೀಶ್. "ಈಗಲೇ ಎಮರ್ಜೆನ್ಸಿಗೆ ಹೋಗೋಣ. ಡಾಕ್ಟರ್ ನೋಡ್ಲಿ."

"ನಿದ್ದಿ ಬರಲಿಲ್ಲಂತ ದವಾಖಾನಿಗೆ ಹೋಗೂದು ಎಲ್ಲೆರ ಅದ ಏನು?" ಸರಸ್ವತಿ ಸೆರಗಿನೊಳಗೆ ಕೈ ಅಡಗಿಸಿಕೊಂಡರು. "ನಾ ಒಲ್ಲೆ. ನೀವು ಊಟಾ ಮಾಡ್ರಿ."

ಅಡುಗೆಮನೆಯಲ್ಲಿ ಸಂಯುಕ್ತಾ ಗಂಡನನ್ನು ಅಡ್ಡಗಟ್ಟಿದಳು. "ಆರು ಗಂಟೆ ಅಲ್ಲಿ ಕೂರಿಸ್ತಾರೆ. ಅವ್ವ ಬರಲ್ಲ. ನಿಮ್ಮ ಕಪಾಟಲ್ಲಿ ರಾಶಿ ಬಿದ್ದಿರುತ್ತಲ್ಲ, ಒಂದು ಬಾಕ್ಸ್ ತನ್ನಿ."

"ಅದು ನನ್ನ ಅಂಗಡಿ ಅಲ್ಲ ಸಂಯು. ಡಾಕ್ಟರ್ ಬರೆದಿರ್ಬೇಕು. ಬರೆದಿದ್ದು ನಮ್ಮ ಪೇಷಂಟ್‌ಗೆ ಆಗಿರ್ಬೇಕು. ಅತ್ತೆ ನಮ್ಮ ಪೇಷಂಟೂ ಅಲ್ಲ, ಕೈಯಲ್ಲಿ ಚೀಟಿನೂ ಇಲ್ಲ. ಯಾವ ಹೆಸರಲ್ಲಿ ತೆಗೀಲಿ?"

"ರಾಣೆಬೆನ್ನೂರಲ್ಲಿ ಏಳನೇ ಕ್ಲಾಸ್ ಓದಿದೋನು ಚೀಟಿ ಇಲ್ಲದೆ ಕೊಡ್ತಾನೆ. ನೀವು ಎರಡು ದೇಶದಲ್ಲಿ ಫಾರ್ಮಸಿ ಓದಿ ಏನು ಬಂತು?"

ಅವನು ಒಲೆಯ ಉರಿ ಸಣ್ಣ ಮಾಡಿದ. ಆ ನಿಧಾನವೇ ಅವಳನ್ನು ಕೆರಳಿಸಿತು.

"ನಮ್ಮವ್ವ ಇಲ್ಲಿಗೆ ಟೂರ್ ಬಂದಿಲ್ಲ. ನಿಮ್ಮ ಮಗೂನ ಎರೆದು ಹಾಕಿ ದೊಡ್ಡದು ಮಾಡೋಕೆ ಬಂದಿದಾಳೆ. ಅವಳ ಕೈ ನಡುಗ್ತಿದ್ರೆ ನೀವು ರೂಲ್ಸ್ ಓದ್ತೀರಿ. ಹೊರಗಿನವರು ಆಡ್ಕೊಳೋದು ಸರೀನೇ ಇದೆ. ನಾಚಿಕೆ ಆಗಲ್ವಾ ನಿಮಗೆ?"

ಗುರುವಾರ ಸಂಜೆ ಅವನು ಶೂ ಬಿಚ್ಚದೆ ಒಳಗೆ ಬಂದ. ಹಾಗೆ ಎಂದೂ ಬಂದವನಲ್ಲ. ಜೇಬಿನಿಂದ ಪೊಟ್ಟಣ ತೆಗೆದು ಒಲೆಯ ಪಕ್ಕ ಇಟ್ಟ.

"ಕೈಗಡ ಇದು," ಎಂದ. "ಎಣಿಸಿ, ಸಹಿ ಹಾಕಿ, ಜೊತೆಗೆ ನಿಂತೋರು ಅತ್ತ ಹೋದ್ಮೇಲೆ, ಬೀಗ ಹಾಕೋಕೆ ಮುಂಚೆ ತೆಗೆದೆ. ಮಂಗಳವಾರ ಡಾಕ್ಟರ್ ಬರೆದುಕೊಟ್ಟ ಕೂಡ್ಲೇ ಕೆಮಿಸ್ಟ್ ಹತ್ರ ಇಂಥದ್ದೇ ತಗೊಂಡು ಹೋಗಿ ಇಟ್ಬಿಡ್ತೀನಿ."

"ಸರಿ ಹೋಯ್ತಲ್ಲ. ಇಷ್ಟಕ್ಕೆ ಎರಡು ದಿನ ಜಗಳ," ಎಂದಳು ಸಂಯುಕ್ತಾ. ಕಾಫಿ ಬೆರೆಸಿ ಕೊಟ್ಟಳು. ಅವನು ಕುಡಿಯಲಿಲ್ಲ.

ಸರಸ್ವತಿ ಗುರುವಾರ ಒಂದು ನುಂಗಿದರು, ಶುಕ್ರವಾರ ಒಂದು. ಎರಡು ರಾತ್ರಿಯೂ ಗೊರಕೆ ಹೊಡೆದು ಮಲಗಿದರು. ಶನಿವಾರ ಸಂಜೆ ಪೊಟ್ಟಣವನ್ನು ಅಳಿಯನ ಮುಂದೆ ತಂದಿಟ್ಟರು. "ಸಾಕು. ನಿಮ್ಮ ಮಾರಿ ನೋಡಿದ ಮ್ಯಾಲೆ ಇದು ನನಗ ಗಂಟಲದಾಗ ಇಳೀವಲ್ದು." ಅವನು, ಅತ್ತೆ, ಹಾಗೆ ಬಿಡಬಾರದು, ಇನ್ನು ಮೂರು ದಿನ ತಗೊಳ್ಳಿ ಎಂದು ಬೇಡಿಕೊಂಡ. ಅವರು ಕೇಳಲಿಲ್ಲ. ಗುರುವಾರದಿಂದ ಐದು ರಾತ್ರಿಯೂ ಅವನು ಸೋಫಾದ ಮೇಲೆ ಕೂತೇ ಕಳೆದ. ಮಂಗಳವಾರ ಬೆಳಗ್ಗೆ ಆರೂವರೆಗೆ ಕೆಲಸಕ್ಕೆ ಹೊರಟ. ಎಂ-ಸೆವೆನ್ ಹೆದ್ದಾರಿಯಲ್ಲಿ ಅವನ ಕಾರು ನಿಧಾನವಾಗಿ ಎಡಕ್ಕೆ ಸರಿಯುತ್ತ ಹೋಯಿತೆಂದೂ ಬ್ರೇಕ್ ಒತ್ತಿದ ಗುರುತಿಲ್ಲವೆಂದೂ ಪೊಲೀಸಿನವಳು ಹೇಳಿದಳು. ಅದು ನಿದ್ದೆಗೆಟ್ಟ ಐದು ರಾತ್ರಿಯ ಜೋಂಪು ಎಂದು ಸಂಯುಕ್ತಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಎರಡು ದಿನ ಬಿಟ್ಟು ಭಾಗೀರಥಿ ಆಂಟಿ ಸರಸ್ವತಿಯನ್ನು ಜಿಪಿ ಹತ್ತಿರ ಕರೆದೊಯ್ದರು. ಮಾತ್ರೆ ಬರೆದುಕೊಡಲು ಡಾಕ್ಟರಿಗೆ ಹತ್ತು ನಿಮಿಷ ಹಿಡಿಯಿತು.

*

ಕಸದ ಲಾರಿ ಹೋದ ಮೇಲೆ ಸಂಯುಕ್ತಾ ಸ್ನಾನ ಮಾಡಿ ಸೀರೆಯ ಬದಲು ಪ್ಯಾಂಟು, ಉದ್ದ ತೋಳಿನ ಅಂಗಿ ಹಾಕಿಕೊಂಡು ಬಂದಳು. ಟ್ಯಾಕ್ಸಿಗೆ ಫೋನ್ ಮಾಡಿದಳು.

"ಎಲ್ಲಿಗೆ ಹೊಂಟಿ ಅಂತ ನನಗ ಗೊತ್ತದ," ಎಂದರು ಸರಸ್ವತಿ. "ನಾನೂ ಬರ್ತೀನಿ. ನುಂಗಿದಾಕಿ ನಾನು. ಮುದುಕಿ ಕದ್ದಾಳ ಅಂತ ಹೇಳು. ನನ್ನನ್ನೇನು, ಊರಿಗೆ ಕಳಸ್ತಾರ, ಅಷ್ಟs."

"ಬೀಗದಾಗಿಂದು ನೀ ಹೆಂಗ ಕದಿಯಾಕಿ ಅವ್ವಾ?"

"ಹಂಗಾರ ಬ್ಯಾಡ ಬಿಡs. ಅವರ ಹೆಸರ ಒಂದs ಉಳದದ ನಮಗ. ಕೂಸಿಗೆ ನಾಳೆ ಏನ ಹೇಳಾಕಿ?"

ಮಗು ಪ್ರಣತಿ ಅಜ್ಜಿಯ ಸರ ಜಗ್ಗುತ್ತಿತ್ತು. ಸಂಯುಕ್ತಾ ಚಪ್ಪಲಿ ಮೆಟ್ಟಿದಳು. ಹೇಳಬೇಕಾದ ಮಾತನ್ನು ಟ್ಯಾಕ್ಸಿಯಲ್ಲಿ ನಾಲ್ಕೈದು ಸಲ ಇಂಗ್ಲಿಷಿನಲ್ಲಿ ಕಟ್ಟಿ ನೋಡಿದಳು. ಪ್ರತಿ ಸಲವೂ ಆ ವಾಕ್ಯ ಯತೀಶನ ಹೆಸರಿನಿಂದ ಶುರುವಾಗುತ್ತಿತ್ತು. ಅದನ್ನು ತಿರುಗಿಸಿ ತನ್ನಿಂದ ಶುರುಮಾಡಿಕೊಂಡಳು.

ಆಸ್ಪತ್ರೆಯ ಫಾರ್ಮಸಿಯಲ್ಲಿ ಹೆಲೆನ್ ಅವಳನ್ನು ಕಂಡೊಡನೆ ಕಿಟಕಿಯ ಆಚೆಯಿಂದ ಎದ್ದು ಬಂದು ತಬ್ಬಿಕೊಂಡಳು. ತನ್ನ ಕೋಣೆಗೆ ಕರೆದೊಯ್ದು ಚಹಾ ತರಿಸಿದಳು. ಯತೀಶನ ಸಾಮಾನು ಕೊಂಡೊಯ್ಯಲು ಬಂದಿದ್ದಾಳೆಂದು ತಿಳಿದು, ಮೂಲೆಯಲ್ಲಿ ಕಟ್ಟಿಟ್ಟಿದ್ದ ರಟ್ಟಿನ ಪೆಟ್ಟಿಗೆ ತೋರಿಸಿದಳು. ಮೇಲೆ ಅವನ ಸ್ವೆಟರು ಮಡಚಿಟ್ಟಿತ್ತು.

"ಇಷ್ಟು ಬೇಗ ಬರಬೇಕಾಗಿರಲಿಲ್ಲ. ನಾನೇ ತಂದುಕೊಡುತ್ತಿದ್ದೆ."

ಸಂಯುಕ್ತಾ ಚೀಲದಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ರಟ್ಟಿಗೆ ಮೊಸರನ್ನದ ಕಲೆ ಹತ್ತಿತ್ತು.

ಹೆಲೆನ್ ಅದನ್ನು ಮುಟ್ಟಲಿಲ್ಲ. ನೀಲಿ ಚೀಟಿಯನ್ನು ಓದಿದಳು, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಓದಿದಳು. ಎದ್ದು ಬಾಗಿಲು ಮುಚ್ಚಿದಳು.

"ಎಲ್ಲಿ ಸಿಕ್ಕಿತು?"

"ಮನೆಯಲ್ಲಿ."

"ಅವನ ಕೋಟಿನ ಜೇಬಿನಲ್ಲಿ." ಹೆಲೆನ್ ನಿಧಾನವಾಗಿ ಹೇಳಿದಳು. "ಹಾಗಾಗುತ್ತದೆ. ಕೆಲಸದ ಗಡಿಬಿಡಿಯಲ್ಲಿ ಜೇಬಿಗೆ ಹಾಕಿಕೊಂಡು ಮರೆತು ಮನೆಗೆ ಹೋಗುತ್ತೇವೆ. ನಾನೇ ಒಮ್ಮೆ ಕೀ ಒಯ್ದಿದ್ದೆ. ರಜೆಯಲ್ಲಿ ಕೋಟು ಗೂಟಕ್ಕೆ ನೇತಾಡುತ್ತಿತ್ತು, ಅವನಿಗೂ ಗೊತ್ತಿರಲಿಲ್ಲ. ಹಾಗೆಂದು ನೀನು ಬರೆದುಕೊಟ್ಟರೆ ನಿಹಾರಿಕಾ ನಾಳೆಯೇ ಕೆಲಸಕ್ಕೆ ಬರುತ್ತಾಳೆ."

ಅವಳ ಕಣ್ಣಲ್ಲಿ ಬೇಡಿಕೆಯಿತ್ತು. ನಿನ್ನೆ ಎಲ್ಲರ ಮುಂದೆ ಆಡಿದ ಮಾತು ಅವಳದ್ದೂ ಆಗಿತ್ತಲ್ಲ. ಒಂದು ಹೂಂ ಎಂದರೆ ಸಾಕಿತ್ತು. ಹುಡುಗಿ ಪಾರಾಗುತ್ತಿದ್ದಳು, ಯತೀಶನೂ ಉಳಿಯುತ್ತಿದ್ದ. ಚಹಾದ ಲೋಟ ಹಿಡಿದ ಸಂಯುಕ್ತಾಳ ಬಾಯಿಗೆ ಆ ಹೂಂ ಬಂದೂ ಬಿಟ್ಟಿತ್ತು.

"ತೆರೆದು ನೋಡಿ," ಎಂದಳು.

ಹೆಲೆನ್ ಒಬ್ಬ ಹಿರಿಯ ಫಾರ್ಮಸಿಸ್ಟನನ್ನು ಒಳಗೆ ಕರೆದಳು. ಇಂಥದ್ದನ್ನು ಒಬ್ಬರೇ ಎಣಿಸುವಂತಿಲ್ಲ. ನಿನ್ನೆ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಹೆಲೆನ್ ಒಂದೊಂದೇ ಪಟ್ಟಿ ತೆಗೆದು ಟ್ರೇ ಮೇಲೆ ಇಟ್ಟು ಗಟ್ಟಿಯಾಗಿ ಎಣಿಸಿದಳು. ಅವನು ಬೆರಳು ತೋರಿಸುತ್ತ ಜೊತೆಗೆ ಎಣಿಸಿದ. ಕೊನೆಯ ಪಟ್ಟಿಯಲ್ಲಿ ಎರಡು ಗುಳಿ ಒಡೆದಿದ್ದವು.

"ನಲವತ್ತೆಂಟು."

"ನಲವತ್ತೆಂಟು," ಎಂದ ಅವನು.

"ನಮ್ಮ ತಾಯಿಗೆ ಬೇಕಿತ್ತು," ಎಂದಳು ಸಂಯುಕ್ತಾ. "ಡಾಕ್ಟರ ಚೀಟಿ ಇರಲಿಲ್ಲ. ಯತೀಶ್ ಆಗದು ಎಂದರು. ನಾಚಿಕೆಯಾಗಲ್ವಾ ಎಂದು ಕೇಳಿದೆ. ತಂದುಕೊಟ್ಟರು. ಮಂಗಳವಾರ ವಾಪಸ್ ಇಡುವವರಿದ್ದರು. ಮರೆತು ತಂದದ್ದಲ್ಲ."

ಹಿರಿಯ ಫಾರ್ಮಸಿಸ್ಟ್ ತನ್ನ ಶೂ ನೋಡಿಕೊಂಡ.

"ಇದನ್ನು ಮೇಲಿನವರಿಗೆ ತಿಳಿಸಬೇಕಾಗುತ್ತದೆ," ಎಂದಳು ಹೆಲೆನ್ ಕೊನೆಗೆ. "ಅವನ ಹೆಸರು ಹಾಕಿ."

"ನನ್ನದನ್ನೂ ಹಾಕಿ."

"ನಿನ್ನ ಹೆಸರಿಗೆ ಇಲ್ಲಿ ಜಾಗವಿಲ್ಲ."

ಅವನು ಹೋಗಿ ದಪ್ಪ ರಟ್ಟಿನ ರಿಜಿಸ್ಟರ್ ತಂದ. ಈಸ್ಟರಿನ ಹಿಂದಿನ ಗುರುವಾರದ ಸಾಲಿದ್ದ ಪುಟ ತೆರೆದ. ಸಂಖ್ಯೆ, ಸಮಯ, ಜೊತೆಗೆ ನಿಂತು ನೋಡಿದವರ ಸಹಿ, ಪಕ್ಕದಲ್ಲಿ ಯತೀಶನದು: ಚಿಕ್ಕದು, ನೆಟ್ಟಗಿನದು, ಕೆಳಗೆ ದಿನಾಂಕ. ಹೆಲೆನ್ ಪೆನ್ನು ಹಿಡಿದಳು. ಈ ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ತಿದ್ದುವಂತಿಲ್ಲ. ಅಂಚಿನಲ್ಲಿ ಟಿಪ್ಪಣಿ ಬರೆದು ಸಹಿ ಹಾಕಬೇಕು, ಅಷ್ಟೇ. ಹೊರಗೆ ಹೋಗಿ ಬಂದ ಮಾತ್ರೆಯನ್ನು ಮತ್ತೆ ಕಪಾಟಿನಲ್ಲಿ ಇಡುವಂತೆಯೂ ಇರಲಿಲ್ಲ. ನಲವತ್ತೆಂಟೂ ಟ್ರೇಯ ಮೇಲೆಯೇ ಇದ್ದವು.

ಹೆಲೆನ್ ಬರೆಯತೊಡಗಿದಳು. ಬರೆಯುತ್ತಿದ್ದುದನ್ನು ಒಂದೊಂದೇ ಪದವಾಗಿ ಗಟ್ಟಿಯಾಗಿ ಓದಿದಳು. ಅಂಚು ಕಿರಿದು. ಅಕ್ಷರಗಳು ಚಿಕ್ಕದಾಗುತ್ತ ಹೋದವು, ಸಾಲು ಹಾಳೆಯ ತುದಿ ಮುಟ್ಟಿ ಕೆಳಕ್ಕೆ ತಿರುಗಿತು. ಅಲ್ಲಿ ಯತೀಶನ ಸಹಿ ಅಡ್ಡ ಬಂತು. ಅವಳು ಹಾಳೆಯನ್ನು ಸ್ವಲ್ಪ ಓರೆ ಮಾಡಿಕೊಂಡು, ಸಹಿಗೆ ಪೆನ್ನು ತಾಗದಂತೆ, ಅದನ್ನು ಸುತ್ತಿ ಬರೆದುಕೊಂಡು ಹೋದಳು.